ಏಳನೇ ಪುಟದ ಬೂಟು

ಹೀಯುಮಾ ದ್ವೀಪದ ಶಾಲೆ. ಡಿಸೆಂಬರ್. ಬೆಳಗಿನ ಒಂಬತ್ತಾದರೂ
ಕಿಟಕಿಯಾಚೆಯ ಕತ್ತಲು ಜಾಗ ಬಿಟ್ಟು ಕದಲಿಲ್ಲ.
ಮೂರನೇ ತರಗತಿ. ಹನ್ನೊಂದು ಮಕ್ಕಳು, ಆರು ಪುಸ್ತಕ;
ಇಬ್ಬರಿಗೊಂದು,
ಜೋಡಿಯಿಲ್ಲದ ಯೋಸೆಪ್‌ಗೆ ಇಡಿಯ ಒಂದು.

ಹಲಗೆಯ ಮೇಲೆ ಮೂರು ಅಂಕಣ ಗೀಚಿದೆ,
ಹತ್ತೊಂಬತ್ತು ವರ್ಷದಿಂದ ಗೀಚುತ್ತಿರುವಂತೆ:
ಏನು ಹೇಳಿದರು. ಏನು ಮಾಡಿದರು.
ಮಿಕ್ಕವರು ಅವರನ್ನು ಏನೆಂದರು.
ಇಷ್ಟು ತುಂಬಿದರೆ ಪಾತ್ರ ಸಿಕ್ಕಿತೆಂದೇ ಲೆಕ್ಕ,
ಬಲೆಗೆ ಬಿದ್ದ ಹೆರಿಂಗ್ ಮೀನಿನ ಹಾಗೆ.

ಕಥೆ ಸಣ್ಣದು. ಕಡಲಾಚೆಯ ಮುದುಕಿ ಊರಿನ ಬೆಂಕಿ ಕದಿಯುತ್ತಾಳೆ,
ಒಲೆಗಳೆಲ್ಲ ತಣ್ಣಗೆ. ಬೆಸ್ತನ ಕಿರಿಮಗ
ಹೆಪ್ಪುಗಟ್ಟಿದ ಕಡಲ ಮೇಲೆ ನಡೆದು ಹೋಗಿ, ಕಸಿದು ತರುತ್ತಾನೆ.
ಹಬ್ಬ. ಎಲ್ಲರೂ ಸುಖವಾಗಿದ್ದರು.

"ಮುದುಕಿ ಕೆಟ್ಟವಳು," ಮಿರ್ತೆಲ್, ಕೈ ಎತ್ತುವ ಮೊದಲೇ.
ಸಾಕ್ಷಿ? "ಅವಳ ಮೂಗು."
ಮೂಗಿಗೆ ಅಂಕಣವಿಲ್ಲ ಅಂದೆ.
"ಹಾಗಾದ್ರೆ, ಕದ್ದಳು." ಬರೆದೆ.
ಹುಡುಗ ಧೈರ್ಯವಂತ, ಮಂಜು ಬಿರುಕು ಬಿಟ್ಟರೂ ನಡೆದ. ಬರೆದೆ.
ಪಾಠ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗಿತ್ತು.

ಆಗ ಯೋಸೆಪ್, ಉಸಿರು ಪುಟಕ್ಕೆ ತಾಗುವಷ್ಟು ಬಾಗಿ:
"ಟೀಚರ್, ಈ ಪುಟ್ಟ ಬೂಟು ಯಾರದ್ದು?"

ಏಳನೇ ಪುಟ. ಮುದುಕಿಯ ಗುಡಿಸಲು. ಒಲೆಯ ಪಕ್ಕ
ಎರಡು ಬಟ್ಟಲು, ಒಂದು ದೊಡ್ಡದು, ಒಂದು ಅಲ್ಲ.
ಹಗ್ಗದ ಮೇಲೆ ಹೆಬ್ಬೆರಳುದ್ದದ ಕಾಲುಚೀಲ.
ಬಾಗಿಲ ಹಿಂದೆ, ಹೌದು, ಒಂದು ಜೊತೆ ಬೂಟು.
ಕಥೆ ಬರೆದವರು ಈ ಬಗ್ಗೆ ತುಟಿ ಪಿಟಕ್ಕೆಂದಿಲ್ಲ.
ಚಿತ್ರ ಬರೆದಾಕೆಗೆ ಮಾತ್ರ ತಡೆಯಲಾಗದೆ
ಮೂಲೆಯಲ್ಲಿಟ್ಟು ಹೋಗಿದ್ದಾಳೆ.
ಹತ್ತೊಂಬತ್ತು ವರ್ಷ ಈ ಪುಟ ಹಿಡಿದು ತೋರಿಸಿದ್ದೇನೆ,
ಸರಿಯಾಗಿ ಆ ಬೂಟಿನ ಮೇಲೇ ಬೆರಳಿಟ್ಟು.

ಹನ್ನೊಂದು ತಲೆ ಒಂದೇ ಪುಸ್ತಕದ ಮೇಲೆ.
"ಯಾರಿಗೋ ಚಳಿಯಾಗ್ತಿತ್ತು."
"ಕೇಳಿದ್ರೆ ಊರವರು ಕೊಡ್ತಿದ್ರಾ?"
"ಕದ್ದದ್ದು ಕದ್ದದ್ದೇ," ರೂಬೆನ್, ಪೊಲೀಸನ ಮಗ.
"ಒಂದು ಕೆಂಡ ಸಾಕಿತ್ತಲ್ಲ, ಎಲ್ಲಾ ಯಾಕೆ ಒಯ್ದಳು?"
ಇದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ನನ್ನಲ್ಲೂ.

ಸಾಸ್ಕಿಯಾ ಒಂಬತ್ತನೇ ಪುಟ ತೆರೆದಳು.
ಹುಡುಗ ಓಡುತ್ತಿದ್ದಾನೆ, ಮುಖದ ತುಂಬ ಬೆಂಕಿಯ ಬೆಳಕು.
ಬೆನ್ನ ಹಿಂದೆ, ದೂರ, ಉಗುರಿನಷ್ಟು ಗುಡಿಸಲು.
ಅದರ ಕಿಟಕಿ ಕಪ್ಪು.
"ಇವನು ತಿರುಗಿ ನೋಡ್ಲಿಲ್ಲ. ಇದನ್ನ ಎಲ್ಲಿ ಬರೀಲಿ?
ಹೇಳಿದ್ದಲ್ಲ. ಮಾಡಿದ್ದೂ ಅಲ್ಲ."

ಸೀಮೆಸುಣ್ಣ ಹಿಡಿದು ನಿಂತೆ.
ಬಲಗಡೆ ಹಲಗೆ ಮುಗಿದಿತ್ತು.
ಗೋಡೆಗೇ ಗೆರೆ ಎಳೆದೆ (ಶಾಲೆ ನೋಡಿಕೊಳ್ಳುವ ಆರ್ವೋ ಬೈಯುತ್ತಾನೆ,
ಬೈಯಲಿ), ಮೇಲೆ ಬರೆದೆ:
ಮಾಡದೆ ಬಿಟ್ಟದ್ದು.

ಗಂಟೆ ಹೊಡೆಯಿತು. ಮೊಗಸಾಲೆಯಲ್ಲಿ
ತಮ್ಮ ತಮ್ಮ ಬೂಟು ಹುಡುಕುವ ಗದ್ದಲ.
ಮಿರ್ತೆಲ್ ಬಾಗಿಲಲ್ಲೇ ನಿಂತಳು, ಒಂದು ಕೈಗವಸು ಹಲ್ಲಲ್ಲಿ ಕಚ್ಚಿ:
"ಆ ಗೋಡೆ ಮೇಲಿಂದು ಪರೀಕ್ಷೆಗೆ ಬರುತ್ತಾ?"

ಗೊತ್ತಿಲ್ಲ, ಅಂದೆ.
ಕಿವಿ ಮುಚ್ಚೋ ಹಾಗೆ ಟೊಪ್ಪಿ ಹಾಕ್ಕೋ.