ಒಂದು ಬೆರಳು ಹೆಚ್ಚು

ದಸರಾ ರಜೆಯ ಎರಡನೇ ಬುಧವಾರ
ಅಂತ ಗೊತ್ತು ಮಾಡಿದ್ದು ನಾನೇ.
ಭಾನುವಾರಕ್ಕಿಂತ ತಲೆಗೆ ಐವತ್ತು ಕಮ್ಮಿ
ನೀರಿನ ಪಾರ್ಕಿನ ಬಾಗಿಲಲ್ಲಿ.
ನಾಲ್ಕು ತಲೆ, ಇನ್ನೂರು.
ಇನ್ನೂರು ಅಂದರೆ ನಾಲ್ಕು ಯೂನಿಫಾರ್ಮ್ ಲಂಗ,
ನೆರಿಗೆ ಹಿಡಿದು, ಇಸ್ತ್ರಿ ಹಾಕಿ, ಹುಕ್ಕು ಹಚ್ಚಿ.
ನಿಟ್ಟುವಳ್ಳಿಯ ಈ ಸಂದಿಯಲ್ಲಿ
ದುಡ್ಡು ನನಗೆ ಲಂಗದ ಲೆಕ್ಕದಲ್ಲೇ ತಿಳಿಯುವುದು.

ನೈಲಾನ್ ಉಡುಪಿಲ್ಲದೆ ನೀರಿಗೆ ಬಿಡುವುದಿಲ್ಲವಂತೆ.
ಬಾಡಿಗೆಗೆ ಸಿಗುತ್ತದಂತೆ, ಒಂದಕ್ಕೆ ಎಂಬತ್ತು,
ಯಾರ್ಯಾರು ತೊಟ್ಟು ಬಿಟ್ಟದ್ದೋ.
ಸ್ಪೋರ್ಟ್ಸ್ ಡೇ ನಿಕ್ಕರಿನ ಚೂರುಗಳು ಚೀಲದಲ್ಲಿದ್ದವು.
ಓಬಳೇಶನಿಗೆ ಒಂದು ಕಾಲು ಹಸಿರು ಹೌಸು, ಒಂದು ಕಾಲು ನೀಲಿ.
"ಎರಡು ಟೀಮಿಗೂ ನೀನೇ ಕ್ಯಾಪ್ಟನ್" ಅಂದೆ.
ನಂಬಿದ. ಅವನಿಗಿನ್ನೂ ಏಳು.
ಸಿಂಚನಾ ನಂಬಲಿಲ್ಲ,
ಕನ್ನಡಿ ಮುಂದೆ ಹೊಲಿಗೆ ಎಳೆದೆಳೆದು ನೋಡಿದಳು.
ಎಲಾಸ್ಟಿಕ್ ನನ್ನ ತನಕ ಬರಲಿಲ್ಲ,
ಅಳತೆಯ ಬಟ್ಟೆ ಟೇಪನ್ನೇ ಲಾಡಿ ಮಾಡಿಕೊಂಡೆ.

ಬಸ್ಸು ಹೆಂಗಸರಿಗೆ ಪುಕ್ಕಟೆ.
ನಾನು, ಮಗಳು ಆಧಾರ್ ಕಾರ್ಡು ತೋರಿಸಿ ಕಿಟಕಿ ಪಕ್ಕ.
ಅಪ್ಪ, ಮಗ ಟಿವಿಎಸ್ಸಿನಲ್ಲಿ
ಒಮ್ಮೆ ಬಸ್ಸಿನ ಹಿಂದೆ, ಒಮ್ಮೆ ಮುಂದೆ,
ಬೈಪಾಸಿನ ತನಕ ಕೈ ಬೀಸುತ್ತಾ.
ಟಿಕೆಟ್ಟಿಲ್ಲದ ಮೊದಲ ಆಟ ಅದೇ.

ಒಳಗೆ ತಿಂಡಿ ಒಯ್ಯುವ ಹಾಗಿಲ್ಲ ಅಂತ ಬೋರ್ಡು.
"ಹೊಟ್ಟೇಲಿ ಇಟ್ಕಂಡು ಹೋದ್ರೆ ಯಾವನು ಬಿಚ್ಚಿ ನೋಡ್ತಾನೆ?"
ಅಂದರು ಇವರು.
ಗೇಟಿನಾಚೆ ಹೊಂಗೆ ನೆರಳಲ್ಲಿ ಪೇಪರು ಹಾಸಿ
ಮಂಡಕ್ಕಿ ಸುರಿದೆವು, ಮಿರ್ಚಿ ಮುರಿದೆವು,
ವಾಚ್‌ಮನ್‌ಗೂ ಒಂದು ಹಿಡಿ.
ಹತ್ತೂವರೆಗೇ ಮಧ್ಯಾಹ್ನದ ಊಟ ಮುಗಿಯಿತು.

ಇನ್ನೊಂದು ಉಳಿತಾಯವಿತ್ತು, ಇವರಿಗೂ ಹೇಳಿರಲಿಲ್ಲ.
ಕೌಂಟರಿನ ಗೋಡೆಯಲ್ಲೊಂದು ಜಿರಾಫೆ,
ಅದರ ಕುತ್ತಿಗೆಗೆ ಅಡ್ಡ ಕೆಂಪು ಗೆರೆ:
ನಾಲ್ಕಡಿ. ಕೆಳಗಿದ್ದರೆ ಅರ್ಧ ಟಿಕೆಟ್.
ಹಿಂದಿನ ರಾತ್ರಿ ಮಲಗಿದ್ದವನನ್ನು ಅಳೆದಿದ್ದೆ
ಅಂಗಾಲಿನಿಂದ ನೆತ್ತಿಗೆ.
ನಾಲ್ಕಡಿ, ಮೇಲೊಂದು ಬೆರಳು.
ಒಂದು ಬೆರಳಿಗೆ ಇನ್ನೂರೈವತ್ತು!
ಐದು ಲಂಗ.
ಮಂಡಕ್ಕಿ ತಿನ್ನುವಾಗ ಕಿವಿಯಲ್ಲಿ ಹೇಳಿದೆ,
"ನಿಂತಾಗ ಮೊಣಕಾಲು ಚೂರು ಸಡ್ಲ ಬಿಡಪ್ಪ."
ಹೂಂ ಅಂದಿದ್ದ.

ದೊಡ್ಡ ಜಾರುಬಂಡೆಗೂ ಅದೇ ಗೆರೆ,
ಕೆಳಗಿದ್ದವರನ್ನು ಹತ್ತಿಸುವುದಿಲ್ಲ.
ನನಗದು ಗೊತ್ತಿರಲಿಲ್ಲ.
ಅವನಿಗೆ ಕ್ಲಾಸಿನ ಇರ್ಫಾನ್ ಹೇಳಿದ್ದನಂತೆ.
ಜಿರಾಫೆಗೆ ಬೆನ್ನು ಕೊಟ್ಟವನೇ
ಎದೆ ತುಂಬ ಗಾಳಿ ಎಳೆದ, ಗದ್ದ ಎತ್ತಿದ,
ಕೂದಲೂ ನಿಮಿರಿದ ಹಾಗೆ ಕಂಡಿತು.
"ಫುಲ್" ಅಂದ ಕೌಂಟರಿನ ಹುಡುಗ.
ಇವರು ನನ್ನ ಮುಖ ನೋಡಿದರು.
ನಾನು ಪರ್ಸಿನ ಒಳಜೇಬಿನ ಜಿಪ್ಪು ಎಳೆದೆ.

ಮೂರು ಮಹಡಿ ಮೆಟ್ಟಿಲು ಹತ್ತಿ
ಹಳದಿ ಕೊಳವೆಯ ಬಾಯಿ ಕಂಡದ್ದೇ
ಎರಡು ಟೀಮಿನ ಕ್ಯಾಪ್ಟನ್ ಕಂಬ ತಬ್ಬಿದ.
ಬರಲ್ಲ ಅಂದರೆ ಬರಲ್ಲ.
ಹಿಂದೆ ಸಾಲು, ಸೀಟಿ, ಯಾರದೋ ನಗು.
ಇನ್ನೂರೈವತ್ತು, ಇನ್ನೂರೈವತ್ತು ಅಂತ ಎದೆ ಬಡಿಯುತ್ತಿತ್ತು.
ಬೈಯಲು ಬಾಯಿ ತೆರೆದೆ.
ಅವನ ಮೊಣಕಾಲು ನೋಡಿದೆ.
ಬಗ್ಗು ಅಂದಾಗ ಬಗ್ಗದಿದ್ದವು
ಈಗ ತಾವಾಗೇ ಬಗ್ಗಿ ನಡುಗುತ್ತಿದ್ದವು.

"ಇವನ ಪಾಲಿಂದೂ ನಾನೇ ಹೋಗ್ತೀನಿ"
ಅಂದು ಸೀಟಿಯವನ ಉತ್ತರಕ್ಕೂ ಕಾಯದೆ ಕೂತೆ.
ಆಮೇಲಿನದು ಸರಿಯಾಗಿ ಹೇಳಲಾರೆ.
ಕತ್ತಲು, ನೀರು, ಒಂದು ತಿರುವು,
ಒಬ್ಬ ಹೆಂಗಸು ನಾಚಿಕೆಯಿಲ್ಲದೆ ಕಿರುಚುತ್ತಿದ್ದಳು.
"ಅಮ್ಮಾ, ನಿನ್ ದನಿ ಗೇಟಿನ ತನಕ" ಅಂದಳು ಸಿಂಚನಾ.
ಓಬಳೇಶ ಮೆಟ್ಟಿಲಿಳಿದು ಬಂದು ಕೇಳಿದ,
"ಇನ್ನೊಂದ್ಸಲ ಹೋಗ್ತೀಯಾ? ನಾನು ನೋಡ್ತೀನಿ."
ಐದು ಸಲ ಹೋದೆ.
ಲಂಗಕ್ಕೊಂದು ಸಲ.

ಟೇಪು ನೀರು ಕುಡಿದು ಹಿಗ್ಗಿತು.
ಮಾರನೇ ದಿನ ಮಗನಿಗೆ ಹಿಡಿದರೆ ಸರಿಯಾಗಿ ನಾಲ್ಕಡಿ,
ಆ ಬೆರಳು ಎಲ್ಲೋ ಕರಗಿತ್ತು.
ಹೊಸ ಟೇಪು ಇಪ್ಪತ್ತು ರೂಪಾಯಿ, ಆಮೇಲೆ ತಂದರಾಯಿತು.
ಶಾಲೆಯ ಸೈಜಿನ ಪಟ್ಟಿ ನೋಡಿ ಅದರಲ್ಲೇ ಕತ್ತರಿಸಿದ ಲಂಗಗಳು
ಒಂದೊಂದು ಬೆರಳು ಉದ್ದ ಬಂದವು.
"ಒಳ್ಳೇದಾತು ಬಿಡಕ್ಕ" ಅಂದರು ತಾಯಂದಿರು,
"ಬೆಳೆಯೋ ಹುಡುಗ್ರು. ಇನ್ನೊಂದು ವರ್ಷ ಬರ್ತಾವೆ."