ನಿಚ್ಚಣಕಿ ಹಿಡದವ

ದಾವಲಸಾಬ ಮ್ಯಾಲ, ನಾ ಕೆಳಗ.
ಒಂದು ಕೈಯಾಗ ನಿಚ್ಚಣಕಿ, ಇನ್ನೊಂದರಾಗ ಬಿಳಿ ಬಣ್ಣದ ಡಬ್ಬಿ.
ಚೆನ್ನಮ್ಮನ ಕುದರಿ ನಮಗ ಬೆನ್ನು ಮಾಡಿತ್ತು.
ಬಾಲದ ನೆರಳು ನನ್ನ ಕುತಗೀ ಮ್ಯಾಲ,
ಹುಬ್ಬಳ್ಳಿಯ ಹನ್ನೊಂದರ ಬಿಸಲಾಗ
ನನ್ನ ಪಾಲಿಗೆ ಅಷ್ಟ ತಂಪು.

ಧಾರವಾಡಕ್ಕೊಂದು ಬಾಣ, ಗದಗಿಗೊಂದು,
ಕಾರವಾರಕ್ಕೊಂದು, ಟೇಶನ್ನಿಗೆ ಒಂದು ಗಿಡ್ಡನ್ನದು.
‘ಬಾಣ ಅಂದ್ರ ಬರೇ ಗೆರಿ ಅಲ್ಲಲೇ,’ ಅಂತಿದ್ದ,
‘ಹೋಗಾಂವನ ಹೆಗಲ ಮ್ಯಾಲ ಕೈ ಇಟ್ಟಂಗ ಇರಬೇಕು.
ದಬ್ಬಬಾರದು.’

ಚೆನ್ನಮ್ಮ ಬರೂಕಿಂತ ಮೊದಲ ಇಲ್ಲೇನಿತ್ತು ಕಾಕಾ?
‘ಏನಿಲ್ಲ. ಏನಿಲ್ಲಂದ್ರ ಎಲ್ಲಾ ಇತ್ತು.
ಹತ್ತಿ ಅಂಡಗಿ ಹೇರಿದ ಚಕ್ಕಡಿ, ಸಗಣಿ, ಧೂಳ,
ನೀಲಿಗಿನ ರಸ್ತೇದ ಕಡಿಂದ ಬರೋ ಟಾಂಗಾದ ಗಂಟಿ.
ಮಿಲ್ಲಿನ ಭೋಂಗಾ ಊದಿದ್ರ ಸಾಕು,
ಸೈಕಲ್ಲಿನ ಹೊಳಿ.
ಆಮ್ಯಾಲ ಆಕಿ ಬಂದ್ಲು, ಖಡ್ಗ ಎತ್ತಿಕೊಂಡು.
ಅವತ್ತಿಂದ ಇಲ್ಲಿ ಯಾರೂ ನೆಟ್ಟಗ ಹೋಗಂಗಿಲ್ಲ,
ಸುತ್ತು ಹಾಕೇ ಹೋಗಬೇಕು,
ಸಾಹೇಬ ಇರಲಿ, ಹೆಣ ಇರಲಿ.’

ಟಾಂಗಾದ ಕುದರಿ ಒಂದೊಂದು
ಆ ಮ್ಯಾಲಿನ ಕುದರೀನ ನೋಡಿ ಕೆನೀತಿದ್ವಂತ.
ಅದು ಸುಳ್ಳಿರಬೇಕು. ನನಗ ಬೇಕಾದ ಸುಳ್ಳು.

ಯಾರ ಬಾಯಾಗೂ ಒಂದ ಮಾತು:
‘ಚೆನ್ನಮ್ಮನ ಹತ್ರ ನಿಂದರು, ಬಂದೆ.’
ಕೋರ್ಟಿಗೆ ಬಂದವರು, ಕನ್ಯಾ ನೋಡಾಕ ಬಂದವರು,
ಕೊಪ್ಪೀಕರ ರಸ್ತೇದಾಗ ಹೊಸಾ ಬೂಟು ತಗೊಂಡು
ಹಿಮ್ಮಡಿ ಕಚ್ಚಿಸಿಕೊಂಡು ಕುಂಟಕೋತ ಬಂದವರು.
ನಾನೂ ಒಂದ ಸಂಜೀ ನಿಂತಿದ್ದೆ, ಕೂದಲಾ ಬಾಚಿಕೊಂಡು.
ಇಂದುಮತಿನೂ ಬಂದಿದ್ಲು.
ಆಕಿ ಖಡ್ಗದ ಕಡೆ, ನಾ ಬಾಲದ ಕಡೆ,
ನಡುವ ಅಷ್ಟು ದೊಡ್ಡ ಕುದರಿ.
ಎರಡ ತಾಸು.
ಕುಂದಗೋಳದ ಕಡೀ ಬಸ್ಸು ಹೋತು.

ಇನ್ನ ಆ ರಾತ್ರಿ.
ಮರುದಿನ ಯಾರೋ ಮಂತ್ರಿ ಬರೂದಿತ್ತು,
ಬೋರ್ಡು ಬೆಳಗಾಗೂದ್ರಾಗ ಮುಗೀಬೇಕು, ಕರೆಂಟಿಲ್ಲ.
ಕಂದೀಲ ನಾ ಎತ್ತಿ ಹಿಡದೆ.
ಕಣ್ಣಾಗ ಪೊರಿ ಬಂದಿದ್ದು ಅಂವ ಯಾರಿಗೂ ಹೇಳಿರಲಿಲ್ಲ.
‘ಗದಗ’ ಅಂತ ಬರದ, ಮುತ್ತಿನಂಥಾ ಮೂರ ಅಕ್ಷರ,
ಬಾಣ ಮಾತ್ರ ಕಾರವಾರದ ದಿಕ್ಕಿಗೆ.
ನಾ ಕೆಳಗಿಂದ ನೋಡಿದೆ.
ಹೇಳಬೇಕಿತ್ತು.
ಕಂದೀಲ ಸ್ವಲ್ಪ ಕೆಳಗಿಳಿಸಿದೆ.

ಬೆಲ್ಲದ ಪೆಂಟಿ ಹೇರಿದ ಸಾಂಗಲಿ ಲಾರಿ
ಕಲಘಟಗಿ ತನಕ ಹೋಗಿ ತಿರುಗಿ ಬಂತು.
ಮರುದಿನ ನಸುಕಿನಾಗ, ಚಹಾದ ಅಂಗಡಿ ಮುಂದ, ಡ್ರೈವರ ಇಳದ.
‘ಬೋರ್ಡು ಬರದವರ್ಯಾರು?’
ನನ್ನ ಕಾಲು ನಡುಗಿದ್ವು. ದಾವಲಸಾಬ ಎದ್ದು ನಿಂತ.
ಡ್ರೈವರ ಬೈಲಿಲ್ಲ. ಒಂದ ಹೆಂಟಿ ಬೆಲ್ಲ ಕೈಯಾಗಿಟ್ಟ, ಅಂದ:
‘ಅಕ್ಷರ ಚಂದ ಇದ್ವು, ಅದಕ್ಕ ನಂಬಿದೆ.’

ಬೈದಿದ್ರ ಆಗತಿತ್ತು.
ಅವತ್ತಿಂದ ನಾ ಮ್ಯಾಲ, ದಾವಲಸಾಬ ಕೆಳಗ.
ಡಬ್ಬಿ ಹಿಡದ ಅಂವನ ಕೈ ನಡಗೂದು
ನಿಚ್ಚಣಕಿ ತುಂಬ ಹತ್ತಿ ನನ್ನ ಬೆರಳಿಗೆ ಬರತಿತ್ತು.
ಮೂರ ಮಳಿಗಾಲ ಹಂಗ ಬರದ್ವಿ.
ಆಮ್ಯಾಲ ನಿಚ್ಚಣಕಿ ಅಲಗಾಡೂದು ನಿಂತಿತು.

ಈಗ ಮ್ಯಾಲ ಸೇತುವಿ ಬರಾಕತ್ತದ.
ಆನೀ ಕಾಲಿನಂಥಾ ಕಂಬ, ಸುತ್ತ ತಗಡು,
ಹಸರ ಬೋರ್ಡು ಮಷೀನು ಬರೀತದ,
ಫೋನಿನಾಗಿನ ಹೆಣ್ಣುಮಗಳು ‘ಬಲಕ್ಕೆ ತಿರುಗಿ’ ಅಂತಾಳ,
ಕಣ್ಣಿಗೆ ಎಂದೂ ಪೊರಿ ಬರದಾಕಿ.

ನಿನ್ನೆ ಧೂಳಿನಾಗ ಒಬ್ಬಾಂವ ನನ್ನ ನಿಂದರಿಸಿ ಕೇಳಿದ,
‘ಯಜಮಾನ್ರ, ಚೆನ್ನಮ್ಮ ಸರ್ಕಲ್ ಎಲ್ಲಿ ಬರತದ್ರಿ?’
ಇಬ್ಬರೂ ಅಲ್ಲೇ ನಿಂತಿದ್ವಿ.
ಅಂವನ ಹೆಗಲ ಮ್ಯಾಲ ಕೈ ಇಟ್ಟೆ, ದಬ್ಬಲಿಲ್ಲ,
ತಗಡಿನ ಸಂದಿಗೆ ಮುಖ ತಿರುವಿದೆ.
ಅಲ್ಲಿ, ನೋಡ್ರಿ, ಬಾಲ.