ತೊಳೆಯದ ಮುಚ್ಚಳ

ಜಾಡಿ ಒಂದು: ಜೂನಿಪರ್ ಇಪ್ಪತ್ತು ಗ್ರಾಂ,
ಕೊತ್ತಂಬರಿ ಬೀಜ ಅರ್ಧ ಚಮಚ, ಜಜ್ಜಿದ್ದು,
ಅಂಗಡಿಯ ವೋಡ್ಕಾ ಅರ್ಧ ಲೀಟರ್, ಅಗ್ಗದ್ದು.
ಎರಡು ದಿನ ಕತ್ತಲ ಕಪಾಟಿನಲ್ಲಿಟ್ಟೆ,
ಮರಿ ಹಾಕುವ ಬೆಕ್ಕನ್ನು ಇಟ್ಟಂತೆ.

ಮುಹು ದ್ವೀಪದಲ್ಲಿ ಜೂನಿಪರ್‌ಗೇನು ಬರ?
ಕುರಿ ಬಿಟ್ಟ ಜಾಗವೆಲ್ಲ ಅದರದೇ.
ಹಳೆಯ ಹಾಸಿಗೆವಸ್ತ್ರ ಹಾಸಿ ಕೊಂಬೆ ಬಡಿದರೆ
ಹಣ್ಣಿಗಿಂತ ಮುಳ್ಳೇ ಹೆಚ್ಚು ಉದುರುತ್ತದೆ.
ಹಸಿರುಕಾಯಿ ಬೇಡ, ನೀಲಿಗೆ ತಿರುಗಿದ್ದು ಮಾತ್ರ.
ತಿರುಗಲಿಕ್ಕೆ ಎರಡು ಚಳಿಗಾಲ ಬೇಕು.

ವಂಬೋಲನ ಮೂಗು ಹೋಗಿಯೂ ಎರಡು ಚಳಿಗಾಲ.
ಒಂದು ಜ್ವರ ಬಂತು,
ಹೋಗುವಾಗ ವಾಸನೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು.
ಹಾಲು ಉಕ್ಕಿ ಸೀದರೂ ಒಲೆಯ ಪಕ್ಕದಲ್ಲೇ ಕೂತು
ಪದಬಂಧ ತುಂಬುತ್ತಾನೆ.
ಸಾಬೂನು, ಮೀನು, ನಾನು,
ಎಲ್ಲಾ ಒಂದೇ ಅವನಿಗೆ.

ಜಾಡಿ ಎರಡು: ಕಿತ್ತಳೆ ಸಿಪ್ಪೆ. ಬಿಳಿ ತಿರುಳು ಉಳಿದು ಕಹಿ.
ಜಾಡಿ ಮೂರು: ಸ್ಪ್ರೂಸ್ ಚಿಗುರು. ನೆಲ ಒರೆಸಿದ ನೀರು.
ನಾಲ್ಕಕ್ಕೆ ಏಲಕ್ಕಿ, ಕ್ರಿಸ್ಮಸ್ ಬ್ರೆಡ್ಡಿಗೆಂದು ತೆಗೆದಿಟ್ಟದ್ದು, ಮೂರೇ ಕಾಯಿ.
ಮಾತಿನ ಮಲ್ಲಿ, ಉಳಿದ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ.
ಐದರಲ್ಲಿ ಹದ ಸಿಕ್ಕಿತು:
ಒಂದೇ ಕಾಯಿ, ಒಂದು ಬೆರಳಗಲ ನಿಂಬೆ ಸಿಪ್ಪೆ,
ಹೊಳೆದಂಡೆಯ ಬಿಳಿ ಹೂವು ಒಂದು ಚಿಟಿಕೆ, ಒಂದೇ ರಾತ್ರಿ.
ಪಕ್ಕದ ಮನೆಯ ಲೈನೆ
ಕೇಳದೆಯೇ ಎರಡನೇ ಲೋಟ ಬಗ್ಗಿಸಿಕೊಂಡಳು.

ವಂಬೋಲ ಮೀಸೆ ಒದ್ದೆಯಾಗುವಷ್ಟು ಹತ್ತಿರ ಹಿಡಿದ.
"ತಣ್ಣಗಿದೆ," ಅಂದ.

ಆರು, ಅದನ್ನು ಬರೆಯುವುದಿಲ್ಲ.

ಏಳನೆಯದು ಮೊನ್ನೆ.
ಶೋಧಿಸಲು ಬಟ್ಟೆ ಹುಡುಕುತ್ತಿದ್ದೆ,
ಅವನು ಮುಚ್ಚಳ ತಿರುಪಿದ.
ತಿರುಪಿದವನು ಹಾಗೇ ನಿಂತ.
"ಸಬ್ಬಸಿಗೆ," ಅಂದ.

ನಾನು ಸಬ್ಬಸಿಗೆ ಹಾಕಿಲ್ಲ.
ಪುಸ್ತಕ ತೆಗೆದು ಎರಡು ಸಲ ಓದಿದೆ, ಯಾವ ಪಾಕದಲ್ಲೂ ಇಲ್ಲ.
ಮುಚ್ಚಳ ಕಿತ್ತುಕೊಂಡು ಮೂಸಿದೆ:
ಆಗಸ್ಟಿನ ಸೌತೆಕಾಯಿ ಉಪ್ಪಿನಕಾಯಿ,
ರಬ್ಬರಿನ ಬಳೆಯೊಳಗೆ ಇನ್ನೂ ಕೂತಿತ್ತು.
ನಲವತ್ತು ವರ್ಷದಲ್ಲಿ ಒಂದು ಮುಚ್ಚಳ
ಸರಿಯಾಗಿ ತೊಳೆದಿರಲಿಲ್ಲ ನಾನು.

ಅವನು ಮತ್ತೆ ಮೂಸಿದ. ಮತ್ತೆ.
"ಹೋಯಿತು," ಅಂದ,
ಬಸ್ಸು ತಪ್ಪಿದವನ ಹಾಗೆ, ನಗುತ್ತ.

ಚೆಲ್ಲಿಬಿಡು, ಕೆಟ್ಟಿದೆ, ಅನ್ನುತ್ತಾಳೆ ಲೈನೆ.
ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ:
ಜಾಡಿ ಏಳು, ತೊಳೆಯದ ಮುಚ್ಚಳ, ಒಂದು.
ನೆಲಮಾಳಿಗೆಯಲ್ಲಿ ಉಪ್ಪಿನಕಾಯಿ ಇನ್ನೂ ಹನ್ನೊಂದು ಜಾಡಿ ಇದೆ.
ಬೇಗ ಬೇಗ ತಿಂದು ಮುಗಿಸಬೇಕು.